ಲೀಲಂಡ್ ವೊಂಡ್ರಾಚೆಕ್ ಅವರ ಐದು ಹೆಜ್ಜೆ

ಲೀಲಂಡ್ ವೊಂಡ್ರಾಚೆಕ್ ಅವರ ಹೆಜ್ಜೆ ಸರಿಯಾಗಿ ಒಂದು ಗಜ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನೆಬ್ರಾಸ್ಕಾದ ಪಶ್ಚಿಮದ ಬಯಲಿನ ಊರುಗಳಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಕೋಳಿಗೂಡು ಕಟ್ಟುವವರು ಅಳತೆಪಟ್ಟಿ ಹುಡುಕುವ ಬದಲು, ಅಂಚೆ ಹಂಚಲು ಬಂದ ಲೀಲಂಡ್ ಅವರನ್ನೇ ಗಾಡಿಯಿಂದ ಇಳಿಸಿ, "ಇಲ್ಲಿಂದ ಅಲ್ಲಿಗೆ ಒಂದ್ಸಲ ನಡೀರಿ" ಎನ್ನುತ್ತಿದ್ದರು. ಅವರು ಗೊಣಗಿಕೊಂಡೇ ನಡೆದು ಲೆಕ್ಕ ಹೇಳುತ್ತಿದ್ದರು. ಗೊಣಗದೆ ಅವರು ಮಾಡಿದ ಕೆಲಸ ಯಾವುದೂ ಇಲ್ಲವೆಂದು ಅವರ ಹೆಂಡತಿ ಆರ್ಲಿಸ್ ಹೇಳುತ್ತಿದ್ದರು.

ವಾರದಲ್ಲಿ ಐದು ದಿನ ಹಳ್ಳಿರಸ್ತೆಗಳ ಅಂಚೆ. ಶರತ್ಕಾಲ ಬಂದರೆ ವಾರಕ್ಕೊಂದು ಹೈಸ್ಕೂಲು ಫುಟ್‌ಬಾಲ್ ಪಂದ್ಯಕ್ಕೆ ಅಂಪೈರ್ ಕೆಲಸ. ಮೂವತ್ತೊಂದು ವರ್ಷದಿಂದ ಹೀಗೇ ನಡೆದಿತ್ತು.

ಅದು ಅಮೆರಿಕದವರ ಆಟ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು. ಆ ಆಟದ ಲೆಕ್ಕವೆಲ್ಲ ಗಜದ ಲೆಕ್ಕ. ಚೆಂಡು ಹಿಡಿದವರು ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಹೋಗದಿದ್ದರೆ ಚೆಂಡು ಎದುರಿನವರ ಪಾಲು. ಯಾರಾದರೂ ತಪ್ಪು ಮಾಡಿದರೆ ಹಳದಿ ಬಟ್ಟೆ ನೆಲಕ್ಕೆ ಬೀಳುತ್ತದೆ. ಬಿಳಿ ಟೋಪಿಯ ರೆಫರಿ ಬಂದು ತಪ್ಪು ಏನೆಂದು ಕೇಳಿಕೊಂಡು, ಕೈಸನ್ನೆ ಮಾಡಿ ಜನರಿಗೆ ತಿಳಿಸುತ್ತಾನೆ. ಚಪ್ಪಾಳೆಯೂ ಬೈಗುಳವೂ ಅವನಿಗೇ. ಆದರೆ ಆ ದಂಡವನ್ನು ನೆಲದ ಮೇಲೆ ಇಳಿಸುವವನು ಅಂಪೈರ್. ಚೆಂಡು ಎತ್ತಿಕೊಂಡು, ತಪ್ಪಿಗೆ ತಕ್ಕಂತೆ ಐದೋ ಹತ್ತೋ ಹದಿನೈದೋ ಗಜ ನಡೆದು, ಅಲ್ಲಿ ಇಡುವುದು ಅವನ ಕೆಲಸ.

ಮೈದಾನದಲ್ಲಿ ಐದು ಗಜಕ್ಕೊಂದು ಬಿಳಿ ಗೆರೆ ಇರುತ್ತದೆ. ಗೆರೆಗಳ ಎಣಿಕೆ ಎರಡೂ ತುದಿಯ ಗೋಲಿನಿಂದ ಶುರುವಾಗಿ ಮೈದಾನದ ನಡುವಿನಲ್ಲಿ ಸೇರುತ್ತದೆ. ಬೇರೆ ಅಂಪೈರುಗಳು ಗೆರೆ ನೋಡಿಕೊಂಡು ನಡೆಯುತ್ತಾರೆ. ಹಾಗೆ ನಡೆಯಬೇಕೆಂದೇ ಅವರಿಗೆ ಕಲಿಸುವುದು. ಲೀಲಂಡ್ ಗೆರೆ ನೋಡುತ್ತಿರಲಿಲ್ಲ. ಚೆಂಡನ್ನು ಬಲಗೈಯಲ್ಲಿ ಹಿಡಿದು, ತಲೆ ಎತ್ತಿ, ತುಟಿ ಅಲ್ಲಾಡದಂತೆ ಎಣಿಸುತ್ತ ಹೋಗುತ್ತಿದ್ದರು. ಕೊನೆಯ ಹೆಜ್ಜೆ ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತಿತ್ತು. ಆಗ ಮಾತ್ರ ಅವರು ಕೆಳಗೆ ನೋಡುತ್ತಿದ್ದರು, ಅದೂ ಚೆಂಡನ್ನು ಇಡುವುದಕ್ಕಾಗಿ.

ಆ ವರ್ಷದ ಮಾರ್ಚ್‌ನಲ್ಲಿ ಅವರ ಬಲಮಂಡಿಯನ್ನು ಕೊಯ್ದು ಲೋಹದ ಕೀಲು ಕೂರಿಸಿದರು.

ಮನೆಯ ಹಿಂದೆ ಬಟ್ಟೆ ಒಣಹಾಕುವ ತಂತಿಗೆ ಎರಡು ಕಂಬಗಳಿದ್ದವು. ಮದುವೆಯಾದ ವರ್ಷ ಲೀಲಂಡ್ ಅವರೇ ನೆಟ್ಟದ್ದು. ಒಂದರಿಂದ ಒಂದಕ್ಕೆ ಹದಿನೈದು ಗಜ. ಪ್ರತಿ ಆಗಸ್ಟಿನಲ್ಲಿ, ಪಂದ್ಯಗಳು ಶುರುವಾಗುವ ಮೊದಲು, ಅವರು ಅಲ್ಲಿ ನಡೆದು ಕಾಲನ್ನು ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಈ ಸಲ ತಡೆಯಲಾರದೆ ಜೂನ್‌ನಲ್ಲೇ ನಡೆದರು. ಅಡುಗೆಮನೆಯ ಕಿಟಕಿಯಿಂದ ಆರ್ಲಿಸ್ ನೋಡುತ್ತಿದ್ದರು.

"ಎಷ್ಟು ಬಂತು? ಹದಿನೇಳಾ?"

"ಹದಿನಾರೂವರೆ. ನೀನು ಪಾತ್ರೆ ತೊಳಿ."

"ಒಂದೂವರೆ ಹೆಜ್ಜೆ ಜಾಸ್ತಿ ಆದ್ರೆ ಬಟ್ಟೆ ಒಣಗಲ್ವಾ? ಬಾ, ಕಾಫಿ ಆರ್ತಿದೆ."

ಅವರು ಕಾಫಿಗೆ ಬರಲಿಲ್ಲ. ಆ ದಿನದಿಂದ ಬೆಳಿಗ್ಗೆ ಸಂಜೆ ನೆಲಮಾಳಿಗೆಯ ಮೆಟ್ಟಿಲು ಹತ್ತಿ ಇಳಿದರು. ವೈದ್ಯರು ಹತ್ತು ಸಲ ಎಂದಿದ್ದನ್ನು ನಲವತ್ತು ಸಲ ಮಾಡಿದರು. ಜುಲೈ ಕೊನೆಗೆ ಹದಿನಾರು ಬಂತು. ಸೆಪ್ಟೆಂಬರ್ ಮೊದಲ ವಾರ ಹದಿನೈದು ಬಂತು. ನಂಬಿಕೆ ಬರಲಿಲ್ಲವೆಂದು ಹನ್ನೊಂದು ಸಲ ನಡೆದರು. ಹನ್ನೊಂದು ಸಲವೂ ಹದಿನೈದೇ.

ಅಷ್ಟರಲ್ಲಿ ಜಿಲ್ಲೆಯ ಪಂದ್ಯಗಳಿಗೆ ಅಧಿಕಾರಿಗಳನ್ನು ಹಂಚುವವನ ಫೋನ್ ಬಂದಿತ್ತು. ಮಂಡಿ ಸರಿಯಿಲ್ಲದಿದ್ದರೆ ಮೈದಾನ ಬಿಟ್ಟು ಪ್ರೇಕ್ಷಕರ ಮೆಟ್ಟಿಲಿನ ಮೇಲಿನ ಗೂಡಿನಲ್ಲಿ ಕೂತು ಆಟದ ಗಡಿಯಾರ ನೋಡಿಕೊಳ್ಳಬಹುದು ಎಂದು ಅವನು ಬಹಳ ಮೆತ್ತಗೆ ಹೇಳಿದ್ದ. ಅಕ್ಟೋಬರಿನಲ್ಲಿ ಸಾಡ್ ಕ್ರೀಕ್ ಊರಿನ ಪಂದ್ಯದ ದಿನ ರೆಫರಿ ಒಂದು ಚೀಟಿ ತುಂಬಿ ಕಳಿಸುತ್ತಾನೆ. ಲೀಲಂಡ್ ಮೈದಾನದಲ್ಲಿ ಉಳಿಯುತ್ತಾರೋ ಇಲ್ಲವೋ ಎಂಬುದಕ್ಕೆ ಅದರಲ್ಲಿ ಏನಿರುತ್ತದೋ ಅದೇ ಕೊನೆಯ ಮಾತು. ಆ ರೆಫರಿ ಗ್ಯಾರೆಟ್ ಸ್ಟೂರ್. ವಯಸ್ಸು ಮೂವತ್ನಾಲ್ಕು, ಬೆಳೆವಿಮೆಯ ಏಜೆಂಟ್. ಅವನು ಹೈಸ್ಕೂಲಿನಲ್ಲಿ ಆಡುತ್ತಿದ್ದಾಗ ಲೀಲಂಡ್ ಅವರೇ ಅವನಿಗೆ ಹದಿನೈದು ಗಜ ದಂಡ ಹಾಕಿದ್ದರು. ಅದನ್ನು ಇಬ್ಬರೂ ಮರೆತಿರಲಿಲ್ಲ.

ಆ ಶನಿವಾರ ಗ್ಯಾರೆಟ್ ತನ್ನ ಗಾಡಿಯಲ್ಲೇ ಅವರನ್ನು ಕರೆದುಕೊಂಡು ಹೋದ. ಸಾಡ್ ಕ್ರೀಕ್ ಶಾಲೆಯ ಮೈದಾನಕ್ಕೆ ದೀಪಗಳಿಲ್ಲ. ಆದ್ದರಿಂದ ಪಂದ್ಯ ಮಧ್ಯಾಹ್ನ ಒಂದೂವರೆಗೆ.

"ಚೀಟಿ ನನ್ನ ಜೇಬಲ್ಲಿದೆ," ಎಂದ ಗ್ಯಾರೆಟ್. "ನೀವು ಮನಸ್ಸಿಗೆ ಹಚ್ಕೋಬೇಡಿ."

"ಮತ್ಯಾಕೆ ಹೇಳ್ತೀಯ?"

"ಗೊತ್ತಿರ್ಲಿ ಅಂತ. ಇವತ್ತೊಂದಿನ ಗೆರೆ ನೋಡ್ಕೊಂಡು ನಡೀರಿ, ಲೀಲಂಡ್. ಮೂವತ್ತಿದ್ರೆ ನಲವತ್ತಕ್ಕೆ ಹೋಗಿ ಚೆಂಡಿಡಿ. ಯಾರೂ ಏನೂ ಅನ್ನಲ್ಲ."

"ಗೆರೆ ಎಳೆಯೋನು ಮೆರ್ಲ್ ಯಾಂಡಾ. ನನ್ನ ಕಾಲು ನಂದು. ಎರಡ್ರಲ್ಲಿ ಯಾವುದನ್ನ ನಂಬ್ಲಿ?"

ಗ್ಯಾರೆಟ್ ರೇಡಿಯೋದ ಸದ್ದು ಜಾಸ್ತಿ ಮಾಡಿದ. ಜೋಳದ ಕೊಯ್ಲಿನ ಸುದ್ದಿ ಬರುತ್ತಿತ್ತು.

ಮೆರ್ಲ್ ಯಾಂಡಾ ಆ ಶಾಲೆಯ ರಿಪೇರಿಯವನು, ಬಸ್ಸಿನ ಡ್ರೈವರ್, ಹುಲ್ಲು ಕತ್ತರಿಸುವವನು, ಗೆರೆ ಎಳೆಯುವವನು, ಎಲ್ಲವೂ. ಸಾಡ್ ಕ್ರೀಕಿನಲ್ಲಿ ಮಕ್ಕಳು ಕಡಿಮೆಯಾಗಿ, ಆ ವರ್ಷ ಹನ್ನೊಂದು ಜನರ ತಂಡ ಬಿಟ್ಟು ಎಂಟು ಜನರ ತಂಡ ಮಾಡಿದ್ದರು. ಎಂಟು ಜನರ ಆಟಕ್ಕೆ ಅಲ್ಲಿ ಮೈದಾನವೂ ಚಿಕ್ಕದು. ನೂರು ಗಜದ್ದನ್ನು ಎಂಬತ್ತಕ್ಕೆ ಇಳಿಸಬೇಕು. ಬೇಸಿಗೆಯಲ್ಲಿ ಮೆರ್ಲ್ ದಕ್ಷಿಣದ ಗೋಲುಕಂಬವನ್ನು ಕಿತ್ತು ಒಳಗೆ ತಂದು ಕಾಂಕ್ರೀಟು ಹಾಕಿ, ಹೊಸದಾಗಿ ಗೆರೆ ಎಳೆದಿದ್ದ. ದೂರದಿಂದ ನೋಡಿದರೆ ಗೆರೆಗಳು ಬಹಳ ಚಂದ ಕಾಣುತ್ತಿದ್ದವು.

ಊರಿನ ತಂಡಕ್ಕೆ ನೀಲಿ ಅಂಗಿ, ಬಂದ ತಂಡಕ್ಕೆ ಕೆಂಪು. ಮೊದಲ ಹಳದಿ ಬಟ್ಟೆ ಬಿದ್ದಾಗ ಚೆಂಡು ನೀಲಿಯವರದ್ದಾಗಿತ್ತು, ದಕ್ಷಿಣದ ಮೂವತ್ತೈದರ ಗೆರೆಯ ಮೇಲೆ. ಕೆಂಪು ಹುಡುಗನೊಬ್ಬ ಚೆಂಡು ಕದಲುವ ಮೊದಲೇ ಈಚೆಗೆ ನುಗ್ಗಿದ್ದ. ಐದು ಗಜ. ಮುಂದಿನ ಗೆರೆ ನಲವತ್ತರದ್ದು, ಮೈದಾನದ ನಟ್ಟನಡುವಿನದು. ಲೀಲಂಡ್ ಚೆಂಡು ಎತ್ತಿಕೊಂಡರು. ಒಂದು, ಎರಡು, ಮೂರು, ನಾಲ್ಕು, ಐದು. ಬಗ್ಗಿ ಚೆಂಡು ಇಡಲು ಹೋದವರು ಹಾಗೇ ನಿಂತರು. ನಲವತ್ತರ ಗೆರೆ ಅವರ ಬೆನ್ನ ಹಿಂದೆ, ಒಂದು ಹೆಜ್ಜೆ ದೂರದಲ್ಲಿತ್ತು.

ಮೂವತ್ತೊಂದು ವರ್ಷದಲ್ಲಿ ಅವರು ಗೆರೆ ದಾಟಿ ಹೋದದ್ದು ಅದೇ ಮೊದಲು.

"ಏ ಅಜ್ಜ, ಇನ್ನೂ ನಾಲ್ಕು ಹೆಜ್ಜೆ ಹಾಕು, ಮನೇನೇ ಬರುತ್ತೆ!" ಎಂದು ಪ್ರೇಕ್ಷಕರು ಕೂತ ಹಲಗೆಮೆಟ್ಟಿಲಿನಿಂದ ಯಾರೋ ಕೂಗಿದರು. ಜನ ನಕ್ಕರು. ಕಪ್ಪು ಬಿಳುಪಿನ ಪಟ್ಟೆ ಅಂಗಿ ತೊಟ್ಟವರನ್ನು ಆಡಿಕೊಳ್ಳಲು ಅಲ್ಲಿ ಯಾರೂ ಯಾರ ಅಪ್ಪಣೆಗೂ ಕಾಯುವುದಿಲ್ಲ. "ಪಟ್ಟೆಕುದುರೆ ದಾರಿ ತಪ್ಪಿದೆ ಕಣ್ರೋ, ಯಾರಾದ್ರೂ ಹುಲ್ಲು ತೋರಿಸ್ರೋ!"

ಗ್ಯಾರೆಟ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ. "ಗೆರೆಗೆ ತನ್ನಿ."

"ನಾನು ನಡೆದಿದ್ದು ಐದೇ."

"ನಡೆದಿರ್ಬಹುದು. ಗೆರೆಗೆ ತನ್ನಿ."

ತಂದರು. ನೀಲಿ ತಂಡದ ಕೋಚ್ ಕಿಪ್ ಓಸ್ಟರ್‌ಮನ್ ಬದಿಯಿಂದ ಬಾಯಿಗೆ ಕೈ ಅಡ್ಡ ಹಿಡಿದು, "ರೀ ಗ್ಯಾರೆಟ್, ನಿಮ್ಮ ಅಂಪೈರಿಗೊಂದು ಊರುಗೋಲು ಕೊಡಿಸಿ, ಗಜದ ಗುರುತು ಹಾಕಿರೋದು!" ಎಂದ. ಅವನ ತಂಡಕ್ಕೆ ಲಾಭವಾಗುತ್ತಿದ್ದ ಹೆಜ್ಜೆಯನ್ನೇ ಅವನು ಆಡಿಕೊಂಡಿದ್ದ. ಲೀಲಂಡ್ ಅವರಿಗೆ ಅದಕ್ಕೆ ಇನ್ನಷ್ಟು ಉರಿಯಿತು. ಬೈಯುವವನಿಗೆ ಕನಿಷ್ಠ ತನ್ನ ಲಾಭ ಯಾವುದೆಂದಾದರೂ ತಿಳಿದಿರಬೇಡವೇ?

ಆಮೇಲೆ ಅವರ ತಲೆಯಲ್ಲಿ ಒಂದೇ ವಿಚಾರ ಸುತ್ತಿತು. ಮಂಡಿ ಕೆಟ್ಟಿದ್ದರೆ ಹೆಜ್ಜೆ ಗಿಡ್ಡವಾಗಬೇಕು. ಗಿಡ್ಡವಾದರೆ ಗೆರೆ ಮುಟ್ಟುವ ಮೊದಲೇ ಐದು ಮುಗಿಯಬೇಕು. ತಾನು ಗೆರೆ ದಾಟಿ ಹೋದದ್ದು ಹೇಗೆ? ಕುಂಟುಕಾಲು ಎಲ್ಲಾದರೂ ಹೆಚ್ಚು ನಡೆಯುತ್ತದೆಯೇ? ಆಟದ ನಾಲ್ಕು ಭಾಗಗಳಲ್ಲಿ ಎರಡನೆಯದರಲ್ಲಿ ಉತ್ತರದ ಕಡೆ ಕೆಂಪು ಹುಡುಗನೊಬ್ಬ ಎದುರಾಳಿಯ ಅಂಗಿ ಹಿಡಿದು ಎಳೆದ. ಹತ್ತು ಗಜ. ಲೀಲಂಡ್ ಆಕಾಶ ನೋಡುತ್ತ ನಡೆದರು. ಹತ್ತನೆಯ ಹೆಜ್ಜೆಗೆ ಬೂಟಿನ ಮೂತಿ ಗೆರೆಯ ಮೇಲಿತ್ತು. ಅವರಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅದೇ ಕಾಲು, ಅದೇ ಮೈದಾನ, ಅಲ್ಲೊಂದು ಲೆಕ್ಕ, ಇಲ್ಲೊಂದು ಲೆಕ್ಕ.

ಅರ್ಧ ಆಟ ಮುಗಿದಾಗ ಅಧಿಕಾರಿಗಳಿಗೆ ಶಾಲೆಯ ಬಡಗಿ ತರಗತಿಯಲ್ಲಿ ಕೂರಲು ಜಾಗ ಮಾಡಿದ್ದರು. ಮರದ ಹೊಟ್ಟಿನ ವಾಸನೆಯ ನಡುವೆ ಊರಿನ ತಾಯಂದಿರು ಚಿಲ್ಲಿ ಎಂಬ ಮಾಂಸ-ಕಾಳಿನ ಬಿಸಿ ಸಾರು ಬಡಿಸಿ, ಜೊತೆಗೆ ದಾಲ್ಚಿನ್ನಿ ಹಾಕಿದ ಒಂದೊಂದು ಸಿಹಿ ರೋಲ್ ಇಟ್ಟು ಹೋದರು. ಲೈನ್ಸ್‌ಮನ್ ವೆಂಡೆಲ್ ಕ್ರಾಟ್ಕಿ ರೋಲನ್ನು ಮುರಿದು ಚಿಲ್ಲಿಯಲ್ಲಿ ಅದ್ದಿ ತಿನ್ನಲು ಕೂತ. ಮೈದಾನದ ಬದಿಯಲ್ಲಿ ನಿಂತು ಹತ್ತು ಗಜದ ಸರಪಳಿಯನ್ನು ನೋಡಿಕೊಳ್ಳುವುದು ಅವನ ಕೆಲಸ. ಸರಪಳಿಯ ಎರಡು ತುದಿಗೂ ಎರಡು ಕೋಲು. ಹಿಂದಿನದು ಪ್ರಯತ್ನ ಶುರುವಾದ ಜಾಗಕ್ಕೆ, ಮುಂದಿನದು ತಲುಪಬೇಕಾದ ಜಾಗಕ್ಕೆ.

"ಗ್ಯಾರೆಟ್," ಎಂದರು ಲೀಲಂಡ್, ಚಮಚ ಮುಟ್ಟದೆ. "ಆಟ ಶುರು ಆಗೋಕೆ ಮುಂಚೆ ಸರಪಳಿನ ಮೂವತ್ತರಿಂದ ನಲವತ್ತಕ್ಕೆ ಒಂದ್ಸಲ ಹಾಸಿ ನೋಡೋಣ. ಎರಡು ನಿಮಿಷ ಸಾಕು."

"ಯಾಕೆ?"

"ಆ ಗೆರೆ ತಪ್ಪಿದೆ."

ಗ್ಯಾರೆಟ್ ರೋಲನ್ನು ತಟ್ಟೆಗೆ ಹಾಕಿದ. "ಸರಪಳಿಯಿಂದ ಚೆಂಡು ಅಳೀತಾರೆ, ಲೀಲಂಡ್. ಗೆರೆ ಅಳೆಯಲ್ಲ. ಹೊರಗೆ ಮುನ್ನೂರು ಜನ ಕೂತಿದಾರೆ. ನಾನು ಅವರ ಮುಂದೆ ಹೋಗಿ, 'ನಿಮ್ಮ ಮೈದಾನ ಸರಿಯಿಲ್ಲ, ಯಾಕಂದ್ರೆ ನಮ್ಮ ಅಂಪೈರ್ ಕಾಲಿಗೆ ಹಾಗನ್ಸುತ್ತೆ' ಅನ್ಲಾ?"

"ಅನ್ನು. ತಪ್ಪೇನು?"

"ನೀವು ಮಂಡಿ ನೋವು ಕಾಣ್ಬಾರ್ದು ಅಂತ ಉದ್ದುದ್ದ ಹೆಜ್ಜೆ ಹಾಕ್ತಿದೀರ. ನಾನು ನೋಡ್ತಾ ಇದೀನಿ."

"ಮತ್ತೆ ಉತ್ತರದ ಕಡೆ ಹತ್ತಕ್ಕೆ ಹತ್ತು ಸರಿಯಾಗಿ ಬಂತಲ್ಲ?"

"ಅಲ್ಲಿ ಗೆರೆ ನೋಡಿರ್ತೀರ."

ಕುಂಟ ಎಂದಿದ್ದರೆ ಲೀಲಂಡ್ ಸಹಿಸಿಕೊಳ್ಳುತ್ತಿದ್ದರು. ಗೆರೆ ನೋಡಿದಿರಿ ಎಂದದ್ದು ಸಹಿಸಲಾಗಲಿಲ್ಲ. ವೆಂಡೆಲ್ ಕಡೆ ತಿರುಗಿದರು. "ನೀನಾದ್ರೂ ಹೇಳಪ್ಪ. ಬದೀಲಿ ನಿಂತಿರ್ತೀಯ, ನಿನಗೇನೂ ಅನ್ಸಿಲ್ವಾ?"

"ನನಗೆ ಈ ಚಿಲ್ಲಿಗೆ ಉಪ್ಪು ಕಮ್ಮಿ ಅನ್ಸುತ್ತೆ," ಎಂದ ವೆಂಡೆಲ್.

ಅಷ್ಟರಲ್ಲಿ ಬಾಗಿಲಲ್ಲಿ ಮೆರ್ಲ್ ಯಾಂಡಾ ತಲೆ ಹಾಕಿದ, ನೀರಿನ ಕ್ಯಾನು ಕೊಡಲು. ಲೀಲಂಡ್ ಬಿಡಲಿಲ್ಲ.

"ಮೆರ್ಲ್, ಗೆರೆ ಹೇಗೆ ಎಳೆದೆ?"

"ಬಣ್ಣದಲ್ಲಿ."

"ಅದಲ್ಲ ಮಾರಾಯ. ಅಳೆದದ್ದು ಹೇಗೆ?"

ಮೆರ್ಲ್‌ನ ಮುಖ ಗಂಟಾಯಿತು. "ಟೇಪಲ್ಲಿ ಅಳೆದೆ. ಎರಡು ದಿನ ಬಿಸಿಲಲ್ಲಿ ಬೆನ್ನು ಬಗ್ಗಿಸಿ ಅಳೆದೆ. ಹೋದ ತಿಂಗಳು ಇಲ್ಲಿ ಎರಡು ಪಂದ್ಯ ಆಗಿವೆ, ಯಾರೂ ಏನೂ ಅಂದಿಲ್ಲ. ನಿಮ್ಮ ಕಾಲಿಗೆ ಹಿಡಿಸ್ಲಿಲ್ಲ ಅಂದ್ರೆ ಕಾಲು ಕೊಟ್ಟ ಡಾಕ್ಟರನ್ನ ಕೇಳಿ." ಕ್ಯಾನನ್ನು ಠಪ್ಪೆಂದು ಇಟ್ಟು ಹೋದ.

"ಸಾಕಾಯ್ತಾ?" ಎಂದ ಗ್ಯಾರೆಟ್.

ಲೀಲಂಡ್ ಚಿಲ್ಲಿ ತಿಂದರು. ಉಪ್ಪು ನಿಜವಾಗಿಯೂ ಕಡಿಮೆಯಿತ್ತು.

ಎರಡನೆಯ ಅರ್ಧದಲ್ಲಿ ಹಳದಿ ಬಟ್ಟೆ ಐದು ಸಲ ಬಿತ್ತು. ಒಂದೂ ಆ ಗೆರೆಯ ಹತ್ತಿರ ಬೀಳಲಿಲ್ಲ. ಐದು ಸಲವೂ ಅವರ ಹೆಜ್ಜೆ ಸರಿಬಂತು. ಒಮ್ಮೆ ಕೆಂಪು ತಂಡದ ಗೋಲಿನಿಂದ ಎಂಟೇ ಗಜದಲ್ಲಿ ಆ ತಂಡದ ಹುಡುಗ ತಪ್ಪು ಮಾಡಿದ. ಹತ್ತು ಗಜ ನಡೆದರೆ ಗೋಲೇ ದಾಟಿಹೋಗುತ್ತದೆ. ಅಂಥ ಕಡೆ ಉಳಿದ ದೂರದ ಅರ್ಧ ಮಾತ್ರ ದಂಡ. ಅವರು ನಾಲ್ಕು ಹೆಜ್ಜೆ ನಡೆದು ಇಟ್ಟರು. "ಅರ್ಧ ಅಂದ್ರೆ ಎಷ್ಟು ಅಂತ ಇವರಿಗೆ ಯಾರು ಹೇಳ್ಕೊಟ್ರು?" ಎಂದು ಕೆಂಪಿನ ಕೋಚ್ ರೇಗಿದ. ಎಂಟರಲ್ಲಿ ಅರ್ಧ ನಾಲ್ಕೆಂಬುದನ್ನೂ ಜಗಳವಾಡಿ ಒಪ್ಪಿಸಬೇಕಾದ ಕೆಲಸ ಇದು ಎಂದು ಲೀಲಂಡ್ ಮನಸ್ಸಿನಲ್ಲೇ ಅಂದುಕೊಂಡರು. ಇದನ್ನು ಬಿಟ್ಟು ಮೇಲಿನ ಗೂಡಿನಲ್ಲಿ ಬೆಚ್ಚಗೆ ಕೂತರೆ ಏನು ನಷ್ಟ? ಏನೂ ಇಲ್ಲ. ಆದರೂ ಮುಂದಿನ ಹಳದಿ ಬಟ್ಟೆ ಬಿದ್ದಾಗ ಎಲ್ಲರಿಗಿಂತ ಮೊದಲು ಚೆಂಡಿನ ಹತ್ತಿರ ಇದ್ದವರು ಅವರೇ.

ಆಟ ಮುಗಿಯಲು ಎರಡು ನಿಮಿಷ ಉಳಿಯಿತು. ಕೆಂಪು ಮೂವತ್ತೆಂಟು, ನೀಲಿ ಮೂವತ್ನಾಲ್ಕು. ಚೆಂಡು ನೀಲಿಯವರಲ್ಲಿತ್ತು. ನೀಲಿ ಹುಡುಗ ಓಡಿ ದಕ್ಷಿಣದ ಮೂವತ್ತರ ಗೆರೆಯ ಮೇಲೆಯೇ ಬಿದ್ದ. ಚೆಂಡಿನ ಮೂತಿ ಗೆರೆಗೆ ತಾಗುವಂತೆ ಲೀಲಂಡ್ ತಾವೇ ಇಟ್ಟರು. ಬದಿಯಲ್ಲಿ ವೆಂಡೆಲ್ ಸರಪಳಿಯ ಹಿಂದಿನ ಕೋಲನ್ನು ಮೂವತ್ತಕ್ಕೆ ನಿಲ್ಲಿಸಿದ. ಮುಂದಿನ ಕೋಲನ್ನು ಇನ್ನೊಬ್ಬ ಎಳೆದುಕೊಂಡು ಹೋಗಿ ಸರಪಳಿ ಬಿಗಿಯಾದ ಕಡೆ ನಿಲ್ಲಿಸಿದ. ಮೂರು ಪ್ರಯತ್ನದಲ್ಲಿ ನೀಲಿಯವರು ಐದೇ ಗಜ ಹೋದರು. ಮೂವತ್ತೈದರ ಗೆರೆ. ನಾಲ್ಕನೆಯ ಪ್ರಯತ್ನ, ಇನ್ನೂ ಐದು ಗಜ ಬೇಕು. ಇದೂ ತಪ್ಪಿದರೆ ಪಂದ್ಯ ಮುಗಿದಂತೆ.

ಮೊದಲ ಭಾಗದಲ್ಲಿ ನುಗ್ಗಿದ್ದ ಅದೇ ಕೆಂಪು ಹುಡುಗ ಮತ್ತೆ ಮುಂಚೆಯೇ ಈಚೆ ನುಗ್ಗಿದ. ಹಳದಿ ಬಟ್ಟೆ ಬಿತ್ತು. ಐದು ಗಜ.

ಇಡೀ ಊರು ಎದ್ದು ನಿಂತಿತು. ಐದು ಬೇಕಿತ್ತು, ಐದು ಸಿಕ್ಕಿತು.

ಲೀಲಂಡ್ ಚೆಂಡು ಎತ್ತಿಕೊಂಡರು. ಅದೇ ಜಾಗ, ಅದೇ ದಿಕ್ಕು. ಮೈದಾನದ ಆಚೆ ತುದಿಯಲ್ಲಿ ಗ್ಯಾರೆಟ್ ಅವರನ್ನೇ ನೋಡುತ್ತಿದ್ದ. ಈಗ ನಾಲ್ಕು ಹೆಜ್ಜೆಗೆ ನಿಂತು ಗೆರೆಯ ಮೇಲೆ ಚೆಂಡು ಇಟ್ಟರೆ ಚೀಟಿಯಲ್ಲಿ ಒಳ್ಳೆಯ ಮಾತೇ ಬರುತ್ತದೆ. ಯಾರೂ ನಗುವುದಿಲ್ಲ. ಅವರು ತಲೆ ಎತ್ತಿ ನಡೆದರು. ಐದನೆಯ ಹೆಜ್ಜೆ ಗೆರೆಯ ಆಚೆ ಬಿತ್ತು.

"ಮತ್ತೆ ಶುರು ಮಾಡಿದ್ರಲ್ಲಪ್ಪ!" ಎಂದು ಮೆಟ್ಟಿಲಿನಿಂದ ಕೂಗು.

ಲೀಲಂಡ್ ನಿಧಾನವಾಗಿ ಬದಿಯ ಕಡೆ ತಿರುಗಿದರು. ಸರಪಳಿಯ ಮುಂದಿನ ಕೋಲು ಅವರ ಬೂಟಿನ ಸರಿನೇರಕ್ಕೆ ನಿಂತಿತ್ತು. ನಲವತ್ತರ ಗೆರೆಯಿಂದ ಒಂದು ಗಜ ಆಚೆ. ಸರಪಳಿ ಹಿಡಿದವರು ಆ ಹೊತ್ತಿನಲ್ಲೂ ಜೋಳದ ತೇವದ ಮಾತಾಡುತ್ತಿದ್ದರು.

ಅವರು ಚೆಂಡನ್ನು ಅಲ್ಲೇ ಇಟ್ಟು, ಅದರ ಪಕ್ಕದಲ್ಲೇ ನಿಂತರು.

ಗ್ಯಾರೆಟ್ ಓಡಿ ಬಂದ. "ಲೀಲಂಡ್, ಗೆರೆಗೆ ತನ್ನಿ."

"ತರಲ್ಲ."

"ಗೆರೆಗೆ ತನ್ನಿ ಅಂದೆ."

"ಮೂವತ್ತಕ್ಕೆ ಹತ್ತು ಸೇರಿದ್ರೆ ಎಷ್ಟಪ್ಪ?"

"ಏನು ಕೇಳ್ತಿದೀರ ನೀವು?"

"ವಿಮೆ ಮಾರ್ತೀಯ, ಲೆಕ್ಕ ಬರುತ್ತಲ್ಲ. ಮೂವತ್ತಕ್ಕೆ ಹತ್ತು ಸೇರಿದ್ರೆ ಎಷ್ಟು?"

"ನಲವತ್ತು."

"ಸರಪಳಿ ಮೂವತ್ತಕ್ಕೆ ಹಾಕಿದ್ದು. ಆ ಕೋಲು ಎಲ್ಲಿ ನಿಂತಿದೆ, ತಿರುಗಿ ನೋಡು."

ಗ್ಯಾರೆಟ್ ತಿರುಗಿ ನೋಡಿದ. ಅಲ್ಲಿಂದ ಗೆರೆಯವರೆಗೆ ಕಣ್ಣಲ್ಲೇ ಅಳೆದ.

ಅಷ್ಟು ಹೊತ್ತಿಗೆ ಇಬ್ಬರು ಕೋಚುಗಳೂ ಬದಿಯ ಗೆರೆಗೆ ಬಂದಿದ್ದರು. ಕಿಪ್ ಓಸ್ಟರ್‌ಮನ್ ಕೈಯಲ್ಲಿದ್ದ ಹಲಗೆಯನ್ನು ತೊಡೆಗೆ ಬಡಿದುಕೊಳ್ಳುತ್ತ, "ಐದು ಬೇಕಿತ್ತು, ಐದು ಕೊಟ್ರು, ಇನ್ನೇನ್ರೀ ಮಾತು? ಲೀಲಂಡ್ ಹೆಜ್ಜೆ ತಪ್ಪಲ್ಲ ಅಂತ ನಮ್ಮ ತಾತನ ಕಾಲದಿಂದ ಹೇಳ್ತಾರೆ!" ಎಂದು ಕೂಗಿದ. ಮೊದಲ ಭಾಗದಲ್ಲಿ ಊರುಗೋಲು ಕೊಡಿಸಿ ಎಂದವನು ಇವನೇ. ಕೆಂಪಿನ ಕೋಚ್, "ಗೆರೆ ಕಣ್ಣೆದುರಿಗಿದೆ! ಚೆಂಡು ಗೆರೆ ಮೇಲಿಟ್ರೆ ಕೋಲಿಗೆ ಒಂದು ಗಜ ಕಮ್ಮಿ! ಇಡ್ರಿ ಗೆರೆ ಮೇಲೆ!" ಎಂದು ಅವನಿಗಿಂತ ಜೋರಾಗಿ ಕೂಗಿದ.

"ವೆಂಡೆಲ್!" ಎಂದ ಗ್ಯಾರೆಟ್. "ಹಿಂದಿನ ಕೋಲು ಮೂವತ್ತರ ಮೇಲೇ ಹಾಕಿದ್ಯಾ?"

"ನನ್ನ ಬೂಟು ನೋಡು, ಮೂತಿಗೆ ಬಿಳಿ ಬಣ್ಣ ಅಂಟಿದೆ," ಎಂದ ವೆಂಡೆಲ್. ಅಂಟಿತ್ತು.

ಗ್ಯಾರೆಟ್ ಗಡಿಯಾರ ನಿಲ್ಲಿಸಲು ಸನ್ನೆ ಮಾಡಿದ. ಆಮೇಲೆ, ಮುನ್ನೂರು ಜನ ನೋಡುತ್ತಿದ್ದಂತೆ, ಅರ್ಧ ಆಟದ ವಿರಾಮದಲ್ಲಿ ಮಾಡಲಾರೆ ಎಂದ ಕೆಲಸವನ್ನೇ ಮಾಡಿದ. ಹಿಂದಿನ ಕೋಲು ಇದ್ದ ಜಾಗಕ್ಕೆ ಗುರುತು ಇಡಿಸಿ, ಸರಪಳಿಯನ್ನು ಉತ್ತರದ ಕಡೆ ಕಳಿಸಿ ಇಪ್ಪತ್ತರಿಂದ ಮೂವತ್ತಕ್ಕೆ ಹಾಸಿಸಿದ. ತುದಿ ಗೆರೆಯ ಮೇಲೆಯೇ ಬಂತು. ಅದನ್ನೇ ತಂದು ದಕ್ಷಿಣದ ಮೂವತ್ತರಿಂದ ನಲವತ್ತಕ್ಕೆ ಹಾಸಿಸಿದ. ತುದಿ ಗೆರೆಯನ್ನು ದಾಟಿ ಒಂದು ಗಜ ಆಚೆ ಬಿತ್ತು, ಲೀಲಂಡ್ ಅವರ ಚೆಂಡಿನ ನೇರಕ್ಕೆ. ಸರಪಳಿ ಉಕ್ಕಿನದು. ಅದಕ್ಕೆ ಮಂಡಿಯಿಲ್ಲ.

ಬೇಲಿಯಾಚೆ ಬಸ್ಸಿಗೆ ಒರಗಿ ನಿಂತಿದ್ದ ಮೆರ್ಲ್‌ನನ್ನು ಗ್ಯಾರೆಟ್ ಬೆರಳು ಮಾಡಿ ಕರೆದ. ಮೆರ್ಲ್ ಟೋಪಿ ಕೈಯಲ್ಲಿ ಹಿಡಿದು ಬಂದ.

"ನಾನು ಎರಡೂ ಗೋಲುಕಂಬದಿಂದ ಅಳ್ಕೊಂಡು ಬಂದೆ," ಎಂದ. "ನಡೂಗೆರೇಲಿ ಸೇರಿಸಿದೆ."

"ಸೇರ್ತಾ?" ಎಂದರು ಲೀಲಂಡ್.

"ಸೇರಿಸಿದೆ ಅಂದ್ನಲ್ಲ."

"ಒಂದು ಗಜ ಕಮ್ಮಿ ಬಂದಾಗ ಏನನ್ಕೊಂಡೆ?"

ಮೆರ್ಲ್ ಟೋಪಿಯ ಅಂಚನ್ನು ತಿರುಗಿಸಿದ. "ಟೇಪು ಬಿಸಿಲಿಗೆ ಹಿಗ್ಗಿದೆ ಅನ್ಕೊಂಡೆ." ಸ್ವಲ್ಪ ತಡೆದು, "ಕಂಬದ ಗುಂಡಿ ಒಂದು ಗಜ ಒಳಗೆ ತೋಡಿರ್ಬೇಕು. ಕಾಂಕ್ರೀಟ್ ಹಾಕಿ ಆಗಿತ್ತು. ಕಾಂಕ್ರೀಟ್ ಮತ್ತೆ ಒಡಿಯೋಕಾಗುತ್ತಾ, ನೀವೇ ಹೇಳಿ?" ಎಂದ.

ಎಂಬತ್ತು ಗಜದ ಮೈದಾನ ಎಪ್ಪತ್ತೊಂಬತ್ತೇ ಗಜ ಇತ್ತು. ಎರಡು ಪಂದ್ಯ ಅದರಲ್ಲಿ ಆಡಿ ಮುಗಿಸಿ, ಗೆದ್ದವರು ಕುಣಿದು, ಸೋತವರು ಅತ್ತು ಮನೆಗೆ ಹೋಗಿದ್ದರು.

ಗ್ಯಾರೆಟ್ ಉತ್ತರದ ಕಡೆ ತೋಳು ಚಾಚಿದ. ನೀಲಿಯವರಿಗೆ ಮತ್ತೆ ನಾಲ್ಕು ಪ್ರಯತ್ನ. ಊರು ಕಿವಿ ಕಿತ್ತುಹೋಗುವಂತೆ ಕೂಗಿತು. ಎರಡನೆಯ ಪ್ರಯತ್ನದಲ್ಲೇ ನೀಲಿ ಹುಡುಗನ ಕೈಯಿಂದ ಚೆಂಡು ಜಾರಿತು, ಕೆಂಪಿನವರು ಅದರ ಮೇಲೆ ಬಿದ್ದರು, ಪಂದ್ಯ ಮುಗಿಯಿತು. ಕಿಪ್ ಓಸ್ಟರ್‌ಮನ್ ಹೊರಗೆ ಹೋಗುವಾಗ ಲೀಲಂಡ್ ಅವರ ಪಕ್ಕದಲ್ಲಿ ಹಾದ. "ನಿಮ್ಮ ಈ ಅಳೆಯೋ ನಾಟಕದಲ್ಲಿ ನಮ್ಮ ಹುಡುಗರ ಕೈ ತಣ್ಣಗಾಗೋಯ್ತು," ಎಂದ.

ಲೀಲಂಡ್ ಗೊಣಗುತ್ತ ಗ್ಯಾರೆಟ್‌ನ ಗಾಡಿಯ ಕಡೆ ನಡೆದರು.

ದಾರಿಯಲ್ಲಿ ಪೆಟ್ರೋಲು ಹಾಕಿಸಲು ನಿಂತಾಗ ಗ್ಯಾರೆಟ್ ಜೇಬಿನಿಂದ ಚೀಟಿ ತೆಗೆದು, ಸ್ಟೀರಿಂಗಿನ ಮೇಲಿಟ್ಟು ಬರೆದ. ಬರೆದಾದ ಮೇಲೆ ಲೀಲಂಡ್ ಅವರ ಕಡೆ ಹಿಡಿದ. "ದಂಡದ ನಡಿಗೆ" ಎಂಬಲ್ಲಿ "ಸರಿ" ಎಂದಿತ್ತು. ಕೆಳಗೆ, ಬೇರೆ ಮಾತೇನಾದರೂ ಇದ್ದರೆ ಬರೆಯಲು ಬಿಟ್ಟ ಜಾಗದಲ್ಲಿ, "ಹೇಳಿದ ಮಾತು ಕೇಳುವುದಿಲ್ಲ" ಎಂದಿತ್ತು.

"ಇದೂ ಸರಿ," ಎಂದರು ಲೀಲಂಡ್.

"ಮುಂದಿನ ಶನಿವಾರ ಹನ್ನೊಂದಕ್ಕೆ ಬರ್ತೀನಿ. ರೆಡಿಯಾಗಿರಿ." ಗಾಡಿ ರಸ್ತೆಗೆ ಬಂದ ಮೇಲೆ ಅವನೇ ಮತ್ತೆ ಬಾಯಿ ತೆರೆದ. "ಅವತ್ತು ನನಗೆ ಹದಿನೈದು ಗಜ ಹಾಕಿದ್ರಲ್ಲ. ನಾನು ಆ ಹುಡುಗನ್ನ ತಳ್ಳಿರ್ಲಿಲ್ಲ."

"ತಳ್ಳಿದ್ದೆ."

ಒಂದು ಮೈಲಿ ಹೋಯಿತು.

"ಹೂಂ. ತಳ್ಳಿದ್ದೆ," ಎಂದ ಗ್ಯಾರೆಟ್.

ಮನೆ ಸೇರಿದಾಗ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಆರ್ಲಿಸ್ ತಂತಿಯ ಮೇಲೆ ಹೊದಿಕೆಗಳನ್ನು ಹರವುತ್ತಿದ್ದರು. ನಡೆದದ್ದನ್ನೆಲ್ಲ ಲೀಲಂಡ್ ಮೊದಲಿನಿಂದ ಹೇಳಿದರು. ಉಪ್ಪು ಕಡಿಮೆಯಿದ್ದ ಚಿಲ್ಲಿಯನ್ನೂ ಬಿಡಲಿಲ್ಲ.

"ಗೆದ್ದೆ ಅನ್ನು," ಎಂದರು ಆರ್ಲಿಸ್. "ಮತ್ಯಾಕೆ ಹಾಗೆ ನಿಂತಿದೀಯ?"

"ಮೆರ್ಲ್ ಮುಖ ಗಂಟು ಹಾಕ್ಕೊಂಡು, 'ಸೇರಿಸಿದೆ ಅಂದ್ನಲ್ಲ' ಅಂದ," ಎಂದರು ಅವರು. ಅವರ ಕಣ್ಣು ಕಂಬಗಳ ಮೇಲಿತ್ತು. "ಈ ಕಂಬ ನೆಟ್ಟಾಗ ಹದಿನೈದು ಗಜ ಅಂತ ನಾನು ಹೇಗೆ ಅಳೆದಿದ್ದೆ, ನೆನಪಿದೆಯಾ?"

"ಹೇಗೇನು, ನಡೆದೆ. ಆಗ ನಮ್ಮನೇಲಿ ಟೇಪೆಲ್ಲಿತ್ತು?"

ಲೀಲಂಡ್ ಕೊಟ್ಟಿಗೆಗೆ ಹೋಗಿ ಅಳತೆಪಟ್ಟಿ ತಂದರು. ಒಂದು ತುದಿಯನ್ನು ಆರ್ಲಿಸ್ ಕೈಗೆ ಕೊಟ್ಟು, ಒದ್ದೆ ಹೊದಿಕೆಗಳ ಕೆಳಗೆ ನುಸುಳಿ ಆಚೆ ಕಂಬಕ್ಕೆ ಹೋದರು. ಬಿಗಿಯಾಗಿ ಎಳೆದು, ಮೂಗಿನ ಹತ್ತಿರ ಹಿಡಿದು ನೋಡಿದರು. ಇನ್ನೊಮ್ಮೆ ಎಳೆದು ನೋಡಿದರು.

"ಎಷ್ಟು?" ಎಂದು ಹೊದಿಕೆಯ ಆಚೆಯಿಂದ ಆರ್ಲಿಸ್ ಕೇಳಿದರು.

"ನಾಲ್ಕು ಬೆರಳು ಕಮ್ಮಿ."

"ಹದಿನೈದು ಗಜಕ್ಕೆ ನಾಲ್ಕು ಬೆರಳಾ? ನಲವತ್ತು ವರ್ಷಕ್ಕೆ?"

"ಕಮ್ಮಿ ಅಂದ್ರೆ ಕಮ್ಮಿ."

ಅವರು ಗೋಡೆಗೆ ಒರಗಿದ್ದ ಗುದ್ದಲಿಯ ಕಡೆ ನಡೆದರು. ಆರ್ಲಿಸ್ ಟೇಪಿನ ತುದಿಯನ್ನು ಕೈಬಿಟ್ಟರು. ಅದು ಹುಲ್ಲಿನ ಮೇಲೆ ಸರಸರ ಓಡಿ ಅವರ ಕೈಯಲ್ಲಿದ್ದ ಡಬ್ಬಿಯೊಳಗೆ ಸೇರಿತು.

"ಕಂಬ ಕೀಳೋದು ಕೀಳು ಮಾರಾಯ," ಎಂದರು ಆರ್ಲಿಸ್, "ಮೊದ್ಲು ನನ್ನ ಬಟ್ಟೆ ಒಣಗ್ಲಿ."